ಹಡಗಿನಿಂದ ಇಳಿದು ನೋಡುವ ಊರುಗಳು: ಮೆಡಿಟರೇನಿಯನ್ ಕ್ರೂಸ್ ಬಗ್ಗೆ ಒಂದಿಷ್ಟು ಮಾತು

ಮೊದಲು ಬ್ರೋಷರ್ ಓದುವುದನ್ನು ಕಲಿಯೋಣ. ನಿಮ್ಮಲ್ಲಿ ಕೆಲವರು ಆಗಲೇ ಟ್ರಾವೆಲ್ಸ್‌ನವರ ಹತ್ತಿರ ವಿಚಾರಿಸಿಕೊಂಡು ಬಂದಿದ್ದೀರಿ, ಕೈಯಲ್ಲಿ ಬಣ್ಣದ ಹಾಳೆಯೂ ಕಾಣಿಸುತ್ತಿದೆ. ಏಳು ರಾತ್ರಿ, ಐದಾರು ಊರು, ರೋಮ್, ಫ್ಲಾರೆನ್ಸ್, ಅಥೆನ್ಸ್, ವೆನಿಸ್ ಅಂತ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ರೋಮಿಗೆ ಯಾವ ಕ್ರೂಸ್ ಹಡಗೂ ಹೋಗುವುದಿಲ್ಲ. ಅದು ನಿಲ್ಲುವುದು ಚಿವಿತಾವೆಕ್ಕಿಯಾ ಅನ್ನುವ ಬಂದರಿನಲ್ಲಿ, ಅಲ್ಲಿಂದ ರೋಮಿಗೆ ಸುಮಾರು 70 ಕಿಲೋಮೀಟರ್. ಫ್ಲಾರೆನ್ಸ್ ಅಂತ ಬರೆದಿದ್ದರೆ ಲಿವೊರ್ನೊ ಅಂತ ಓದಿಕೊಳ್ಳಿ, ಅಲ್ಲಿಂದಲೂ ಬಸ್ಸೇ ಗತಿ. ಅಥೆನ್ಸ್ ಅಂದರೆ ಪಿರೇಯಸ್. ಇದು ಪರವಾಗಿಲ್ಲ, ಊರಿನೊಳಕ್ಕೆ ಮೆಟ್ರೊ ಇದೆ.

ವೆನಿಸ್ ಕತೆ ಬೇರೆ. ಮೊದಲೆಲ್ಲ ಹತ್ತು ಹನ್ನೆರಡು ಮಹಡಿಯ ಹಡಗುಗಳು ಸೇಂಟ್ ಮಾರ್ಕ್ ಚೌಕದ ಎದುರಿಗೇ ಹಾದು ಹೋಗುತ್ತಿದ್ದವು. ಚರ್ಚಿನ ಗೋಪುರಕ್ಕಿಂತ ಹಡಗೇ ದೊಡ್ಡದಾಗಿ ಕಾಣುತ್ತಿದ್ದ ಫೋಟೊಗಳನ್ನು ನೀವೂ ನೋಡಿರುತ್ತೀರಿ. 2019ರ ಜೂನ್‌ನಲ್ಲಿ ಒಂದು ದೊಡ್ಡ ಹಡಗು ಹತೋಟಿ ತಪ್ಪಿ ಅಲ್ಲಿನ ಧಕ್ಕೆಗೂ, ಅಲ್ಲಿ ಕಟ್ಟಿದ್ದ ಪ್ರವಾಸಿ ದೋಣಿಗೂ ಗುದ್ದಿತು. ಅದಕ್ಕೂ ಮುಂಚಿನಿಂದಲೇ ಊರಿನವರು ಗಲಾಟೆ ಮಾಡುತ್ತಿದ್ದರು. ಕಡೆಗೆ 2021ರ ಆಗಸ್ಟ್ 1ರಿಂದ, 25,000 ಟನ್ನೇಜ್ ಮೀರಿದ ಹಡಗು ಆ ದಾರಿಯಲ್ಲಿ ಬರಕೂಡದು ಅಂತ ಇಟಲಿ ಸರ್ಕಾರ ನಿಷೇಧ ಹಾಕಿತು. ಇವತ್ತಿನ ದೊಡ್ಡ ಕ್ರೂಸ್ ಹಡಗುಗಳು ಲಕ್ಷ, ಒಂದೂವರೆ ಲಕ್ಷ ಟನ್ನೇಜಿನವು. ಹಾಗಾಗಿ ಈಗ ಹಾಳೆಯಲ್ಲಿ ವೆನಿಸ್ ಅಂತ ಇದ್ದರೆ ಅದು ಮರ್ಗೇರಾ ಕೈಗಾರಿಕಾ ಬಂದರು ಇರಬಹುದು, ರವೆನ್ನಾ ಇರಬಹುದು, ಟ್ರಿಯೆಸ್ಟ್ ಇರಬಹುದು. ಕೊನೆಯ ಎರಡೂ ವೆನಿಸ್‌ನಿಂದ ನೂರು ಕಿಲೋಮೀಟರಿಗೂ ಆಚೆ.

ಇದನ್ನೇಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಕ್ರೂಸ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಹಗಲಿನ ಎಂಟೊಂಬತ್ತು ಗಂಟೆ ಮಾತ್ರ. ಬೆಳಗ್ಗೆ ಎಂಟಕ್ಕೆ ಇಳಿಸುತ್ತಾರೆ, ಸಂಜೆ ಆರಕ್ಕೆ ಹಡಗು ಹೊರಡುತ್ತದೆ ಅಂದರೆ ಐದೂವರೆಗೇ ಒಳಗಿರಬೇಕು. ಅದರಲ್ಲಿ ಮೂರು ಗಂಟೆ ಬಸ್ಸಿಗೆ ಕೊಟ್ಟು, ಒಂದು ಗಂಟೆ ಊಟಕ್ಕೆ ಕೊಟ್ಟು, ಉಳಿದದ್ದರಲ್ಲಿ ರೋಮ್ ನೋಡುವುದು ಅಂದರೆ ಅದು ನೋಡಿದ ಹಾಗೆ ಅಲ್ಲ, ಹಾಜರಿ ಹಾಕಿದ ಹಾಗೆ. ರೋಮಿಗೆ ಹೋಗಬೇಕಾ, ವಿಮಾನದಲ್ಲಿ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಹಡಗು ಹತ್ತುವುದಾದರೆ ಹಡಗು ಊರಿನ ಬುಡಕ್ಕೇ ಹೋಗಿ ನಿಲ್ಲುವಂಥ ದಾರಿಯನ್ನು ಆರಿಸಿಕೊಳ್ಳಿ. ಅಂಥ ಊರುಗಳು ಏಡ್ರಿಯಾಟಿಕ್ ಕಡಲಿನ ಪೂರ್ವ ದಂಡೆಯಲ್ಲಿ, ಅಂದರೆ ಇವತ್ತಿನ ಕ್ರೊಯೇಷಿಯಾ, ಮಾಂಟೆನೆಗ್ರೊ ಕಡೆ ಸಾಲಾಗಿ ಕೂತಿವೆ. ಮಾಲ್ಟಾ ದ್ವೀಪದ ವಲೆಟ್ಟಾ ಕೂಡ ಅದೇ ಜಾತಿಯದು. ನನ್ನ ಮಾತೆಲ್ಲ ಇವುಗಳ ಸುತ್ತಲೇ.

ಈ ಊರುಗಳ ಮುಂಬಾಗಿಲು ಇರುವುದು ಕಡಲಿನ ಕಡೆ. ರಸ್ತೆಯಲ್ಲಿ ಬಂದವನು ಹಿತ್ತಿಲಿನಿಂದ ಬಂದ ಹಾಗೆ. ಕೋಟೆ, ಚರ್ಚು, ಗೋಪುರ ಎಲ್ಲವನ್ನೂ ದೂರದಿಂದ ಹಡಗಿನಲ್ಲಿ ಬರುವವನ ಕಣ್ಣಿಗೆ ಬೀಳುವ ಹಾಗೆ ಕಟ್ಟಿದ್ದಾರೆ. ಬರುವವನು ವ್ಯಾಪಾರಿಯಾದರೆ ಬೆರಗಾಗಬೇಕು, ದಂಡೆತ್ತಿ ಬರುವವನಾದರೆ ಹೆದರಬೇಕು. ನಮ್ಮ ಕರಾವಳಿ ನೋಡಿದವರಿಗೆ ಇದು ಸ್ವಲ್ಪ ಹೊಸದು. ನಮ್ಮ ಹಳೆಯ ವ್ಯಾಪಾರದ ಊರುಗಳು, ಬಾರಕೂರು, ಬಸರೂರು, ಎಲ್ಲ ಹೊಳೆ ದಂಡೆಯಲ್ಲಿ ಒಳಗೆ ಅಡಗಿ ಕೂತಿವೆ. ಆಷಾಢದ ಕಡಲಿನ ಎದುರು ಯಾರು ಮನೆ ಕಟ್ಟುತ್ತಾರೆ? ಅಳಿವೆ ದಾಟಿ ಒಳಗೆ ಬಂದರೇನೇ ಹಡಗಿಗೆ ನೆಮ್ಮದಿ. ಮೆಡಿಟರೇನಿಯನ್‌ನಲ್ಲಿ ಮಳೆಗಾಲದ ಅಂಥ ಹೊಡೆತ ಇಲ್ಲ, ಉಬ್ಬರವಿಳಿತವೂ ತೀರಾ ಕಡಿಮೆ. ಬಹುಪಾಲು ಕಡೆ ಒಂದಡಿ ಆಸುಪಾಸು ಅಷ್ಟೇ, ವೆನಿಸ್‌ನಂಥ ಕೆಲವು ಕಡೆ ಮಾತ್ರ ಜಾಸ್ತಿ. ಅದಕ್ಕೇ ಅಲ್ಲಿ ಮನೆಯ ಮೆಟ್ಟಿಲು ನೀರಿಗೇ ಇಳಿದಿರುತ್ತದೆ, ಅರಮನೆಯ ಗೋಡೆಗೇ ಅಲೆ ತಾಗುತ್ತಿರುತ್ತದೆ.

ಇನ್ನೊಂದು ವಿಷಯ. ಈ ಬಂದರುಗಳು ಒಂದಕ್ಕೊಂದು ಇಷ್ಟು ಹತ್ತಿರ ಏಕಿವೆ? ಹಳೆಯ ಕಾಲದ ಗ್ಯಾಲಿ ಹಡಗುಗಳಲ್ಲಿ ಹುಟ್ಟು ಹಾಕುವವರೇ ನೂರಾರು ಜನ. ಅಷ್ಟು ಜನಕ್ಕೆ ಕುಡಿಯುವ ನೀರು ತುಂಬಿಕೊಂಡರೆ ಸರಕಿಗೆ ಜಾಗ ಎಲ್ಲಿ? ಹಾಗಾಗಿ ಆಗಾಗ ದಡ ಸೇರಲೇಬೇಕು, ನೀರು ತುಂಬಿಸಿಕೊಳ್ಳಲೇಬೇಕು. ವೆನಿಸ್‌ನವರು ಪೂರ್ವಕ್ಕೆ ಹೋಗುವ ದಾರಿಯುದ್ದಕ್ಕೂ ಅಂಥ ತಂಗುದಾಣಗಳನ್ನು ಕೈಗೆ ತೆಗೆದುಕೊಂಡಿದ್ದು ಇದೇ ಕಾರಣಕ್ಕೆ. ಝದರ್, ಸ್ಪ್ಲಿಟ್, ಹ್ವಾರ್, ಕೋರ್ಚುಲಾ, ಕೋಟೊರ್, ಕೋರ್ಫು. ಇವತ್ತಿನ ಕ್ರೂಸ್ ಹಡಗಿನ ಪಟ್ಟಿ ತೆಗೆದು ನೋಡಿ, ಇದೇ ಹೆಸರುಗಳು!

ಪ್ಯಾಕೇಜ್ ಟೂರ್ ಕೂಡ ಅಲ್ಲಿ ಹಳೆಯದೇ. ಹದಿನೈದನೇ ಶತಮಾನದಲ್ಲಿ ಜೆರುಸಲೇಮಿಗೆ ಹೋಗುವ ಯಾತ್ರಿಕರು ವೆನಿಸ್‌ಗೆ ಬಂದು, ಹಡಗಿನ ಒಡೆಯನ ಹತ್ತಿರ ಚೌಕಾಶಿ ಮಾಡಿ, ಕರಾರು ಬರೆಸಿಕೊಂಡು ಹತ್ತುತ್ತಿದ್ದರು. ದಿನಕ್ಕೆ ಎರಡು ಹೊತ್ತು ಊಟ ಕೊಡಬೇಕು ಅಂತೆಲ್ಲ ಅದರಲ್ಲಿ ಇರುತ್ತಿತ್ತು. ಜರ್ಮನಿಯ ಉಲ್ಮ್ ಊರಿನ ಫೆಲಿಕ್ಸ್ ಫಾಬ್ರಿ ಅನ್ನುವ ಪಾದ್ರಿ 1480ರಲ್ಲಿ ಒಮ್ಮೆ, 1483ರಲ್ಲಿ ಇನ್ನೊಮ್ಮೆ ಹೋಗಿ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಒಳಗಡೆ ಒಬ್ಬರ ಪಕ್ಕ ಒಬ್ಬರು ಹಾಸಿಗೆ ಹಾಸಿ ಮಲಗುವುದು, ವಾಸನೆ, ಇಲಿ, ಹೇನು, ಜಗಳ, ಎಲ್ಲವೂ ಅದರಲ್ಲಿದೆ. ನಿಮ್ಮ ಕ್ಯಾಬಿನ್‌ಗೆ ಕಿಟಕಿ ಇಲ್ಲ ಅಂತ ಬೇಜಾರಾದಾಗ ಫಾಬ್ರಿಯನ್ನು ನೆನೆಸಿಕೊಳ್ಳಿ. ಕಿಟಕಿ ಇಲ್ಲದ ಕ್ಯಾಬಿನ್ ಅಗ್ಗ, ಮತ್ತು ಹಗಲೆಲ್ಲ ನೀವು ಹೊರಗೇ ಇರುತ್ತೀರಿ. ದುಡ್ಡು ಉಳಿಸುವುದಾದರೆ ಅಲ್ಲಿ ಉಳಿಸಿ.

ಈಗ ಊರುಗಳಿಗೆ ಬರೋಣ. ಸ್ಪ್ಲಿಟ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಹಡಗಿನ ಮೇಲಿಂದಲೇ ಒಂದು ತಮಾಷೆ ಕಾಣುತ್ತದೆ. ದಡದುದ್ದಕ್ಕೂ ಕಾಫಿ ಅಂಗಡಿಗಳ ಬಿಳಿ ಕೊಡೆಗಳು, ಅವುಗಳ ಹಿಂದೆ ಉದ್ದಕ್ಕೆ ಒಂದು ಹಳೆಯ ಗೋಡೆ, ಆ ಗೋಡೆಯಲ್ಲಿ ಕಿಟಕಿಗಳು, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ. ಆ ಗೋಡೆ ರೋಮ್ ಚಕ್ರವರ್ತಿಯ ಅರಮನೆಯದು. ಡಯೊಕ್ಲೀಷನ್ ಅನ್ನುವವನು ಕ್ರಿಸ್ತಶಕ 305ರಲ್ಲಿ ಪಟ್ಟ ಬಿಟ್ಟುಕೊಟ್ಟು, ಹುಟ್ಟಿದ ಸೀಮೆಗೆ ವಾಪಸು ಬಂದು ಇಲ್ಲಿ ಇದ್ದ. ತಾನಾಗಿಯೇ ಸಿಂಹಾಸನದಿಂದ ಇಳಿದು ಬಂದ ಚಕ್ರವರ್ತಿಗಳು ರೋಮಿನ ಚರಿತ್ರೆಯಲ್ಲಿ ತೀರಾ ಅಪರೂಪ. ಮತ್ತೆ ಬಂದು ಅಧಿಕಾರ ತಗೋ ಅಂತ ಕರೆದವರಿಗೆ, ನಾನು ಕೈಯಾರೆ ಬೆಳೆದ ಕೋಸು ನೋಡಿದ್ದರೆ ಹೀಗೆ ಕೇಳುತ್ತಿರಲಿಲ್ಲ ಅಂದನಂತೆ.

ಅರಮನೆ ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲ. ಏಳನೇ ಶತಮಾನದಲ್ಲಿ ಪಕ್ಕದ ಸಲೋನಾ ನಗರ ಹಾಳಾದಾಗ ಅಲ್ಲಿನ ಜನ ಓಡಿ ಬಂದು ಈ ಗೋಡೆಗಳ ಒಳಗೆ ಸೇರಿಕೊಂಡರು. ಅವತ್ತಿನಿಂದ ಇವತ್ತಿನವರೆಗೆ ಅಲ್ಲಿ ಜನ ಇದ್ದಾರೆ. ಕಂಬದ ಸಾಲಿಗೆ ಗೋಡೆ ಎಬ್ಬಿಸಿ ಮನೆ ಮಾಡಿಕೊಂಡರು, ಕಾವಲು ಹಾದಿಯಲ್ಲಿ ಅಡುಗೆಮನೆ ಮಾಡಿಕೊಂಡರು. ಚಕ್ರವರ್ತಿಯ ಸಮಾಧಿ ಮಂದಿರ ಏನಾಯಿತು ಗೊತ್ತಾ? ಡಯೊಕ್ಲೀಷನ್ ಕ್ರೈಸ್ತರನ್ನು ಹುಡುಕಿ ಹುಡುಕಿ ಕೊಲ್ಲಿಸಿದವನು. ಅವನ ಕಾಲದಲ್ಲಿ ಸಲೋನಾದ ಬಿಷಪ್ ಡೋಮ್ನಿಯಸ್‌ನನ್ನೂ ಕೊಂದರು. ಈಗ ಅದೇ ಸಮಾಧಿ ಮಂದಿರ ಆ ಡೋಮ್ನಿಯಸ್ ಹೆಸರಿನ ಕ್ಯಾಥೆಡ್ರಲ್. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲಿ ಹೋಯಿತೋ ಪತ್ತೆ ಇಲ್ಲ.

ಸ್ಪ್ಲಿಟ್‌ನಲ್ಲಿ ಒಂದೇ ಕಡೆ ದುಡ್ಡು ಕೊಟ್ಟು ಹೋಗಿ ಅಂತ ಹೇಳುವುದಾದರೆ ನೆಲಮಾಳಿಗೆಗೆ ಹೋಗಿ. ಕಡಲ ಕಡೆಯ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಅದೇ ಸಿಗುತ್ತದೆ. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣಗೆ, ಒದ್ದೆ ಕಲ್ಲಿನ ವಾಸನೆ. ಚಕ್ರವರ್ತಿಯ ಕೋಣೆಗಳನ್ನು ಎತ್ತರಿಸಲು ಕೆಳಗೆ ಕಟ್ಟಿದ ಕಮಾನುಗಳು ಇವು. ಮೇಲಿನ ಕೋಣೆಗಳು ಹೋಗಿವೆ, ಆದರೆ ಕೆಳಗಿನದು ಮೇಲಿನದರ ಅಚ್ಚು, ಹಾಗಾಗಿ ಮೇಲೆ ಏನಿತ್ತು ಅಂತ ಕೆಳಗೆ ನಿಂತು ಊಹಿಸಬಹುದು. ಇದು ಉಳಿದದ್ದು ಹೇಗೆ? ಕಸದಿಂದ! ಮೇಲೆ ಮನೆ ಮಾಡಿಕೊಂಡವರು ನೆಲಕ್ಕೆ ತೂತು ಹೊಡೆದು ಶತಮಾನಗಟ್ಟಲೆ ಕಸ, ಕೊಚ್ಚೆ ಎಲ್ಲ ಕೆಳಕ್ಕೆ ಸುರಿದರು. ತುಂಬಿ ಹೋದ ಮೇಲೆ ಅಲ್ಲಿಗೆ ಯಾರೂ ಇಳಿಯಲಿಲ್ಲ, ಯಾರೂ ಕಲ್ಲು ಕೀಳಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅಗೆದು ತೆಗೆದಾಗ ಕಮಾನುಗಳು ಗಟ್ಟಿಮುಟ್ಟಾಗಿ ಇದ್ದವು. ಚಾವಣಿ ನೋಡಿ, ಆ ತೂತುಗಳು ಈಗಲೂ ಇವೆ.

ಮುಂದಿನ ಬೆಳಗ್ಗೆ ದುಬ್ರೋವ್ನಿಕ್. ಇಲ್ಲಿ ಹಡಗು ನಿಲ್ಲುವ ಗ್ರುಜ್ ಬಂದರಿಗೂ ಹಳೆಯ ಊರಿಗೂ ಸುಮಾರು ಮೂರು ಕಿಲೋಮೀಟರ್. ಸಿಟಿ ಬಸ್ ಇದೆ, ಹಡಗಿನವರು ಮಾರುವ ಬಸ್ ಟಿಕೆಟ್‌ಗಿಂತ ಅಗ್ಗ.

ಈ ಊರಿನ ಹಳೆಯ ಹೆಸರು ರಗೂಸಾ, ಒಂದು ಪುಟ್ಟ ಗಣರಾಜ್ಯ. ಅಕ್ಕಪಕ್ಕ ವೆನಿಸ್, ತುರ್ಕರು, ಎಲ್ಲ ದೊಡ್ಡ ಕುಳಗಳು. ಇವರು ಯುದ್ಧಕ್ಕೆ ಹೋಗದೆ, ತುರ್ಕಿಯ ಸುಲ್ತಾನನಿಗೆ ವರ್ಷಕ್ಕೆ 12,500 ಡುಕಾಟ್, ಅಂದರೆ ಚಿನ್ನದ ನಾಣ್ಯ, ಕಪ್ಪ ಕೊಟ್ಟು, ಅವನ ರಾಜ್ಯದ ತುಂಬಾ ವ್ಯಾಪಾರ ಮಾಡಿಕೊಂಡು ಬದುಕಿದರು. ಒಬ್ಬನ ಕೈಯಲ್ಲಿ ಅಧಿಕಾರ ನಿಲ್ಲಬಾರದು ಅಂತ ಅಧ್ಯಕ್ಷನಿಗೆ ಒಂದೇ ತಿಂಗಳ ಅವಧಿ. ಆ ತಿಂಗಳು ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಅರಮನೆಯಲ್ಲೇ ಇರಬೇಕು. ಸ್ವಂತದ್ದು ಮರೆತು ಸಾರ್ವಜನಿಕರದ್ದು ನೋಡಿಕೊಳ್ಳಿ ಅಂತ ಲ್ಯಾಟಿನ್‌ನಲ್ಲಿ ಸಭೆಯ ಬಾಗಿಲ ಮೇಲೆ ಕೆತ್ತಿಟ್ಟಿದ್ದರು. ನಗಬೇಡಿ, ಅದು ಅಲ್ಲಿನ ಮಾತು, ಇಲ್ಲಿಗೆ ಹೋಲಿಸುವುದು ಬೇಡ. 1808ರಲ್ಲಿ ನೆಪೋಲಿಯನ್ ಕಡೆಯವರು ಈ ಗಣರಾಜ್ಯವನ್ನು ಮುಚ್ಚಿದರು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. 1377ರಲ್ಲಿ ಈ ಊರು ಒಂದು ಕಾನೂನು ಮಾಡಿತು. ಪ್ಲೇಗ್ ಇರುವ ಕಡೆಯಿಂದ ಯಾರೇ ಬರಲಿ, ಒಂದು ತಿಂಗಳು ಹತ್ತಿರದ ಸಣ್ಣ ದ್ವೀಪದಲ್ಲೋ ಪಕ್ಕದ ಊರಿನಲ್ಲೋ ಕಳೆದು ಆಮೇಲೆ ಒಳಗೆ ಬರಬೇಕು. ಕಾಯಿಲೆ ಇದ್ದವರನ್ನು ಬೇರೆ ಇಡುವುದು ಎಲ್ಲ ಕಡೆ ಇತ್ತು. ಆರೋಗ್ಯವಾಗಿ ಕಾಣುವವರನ್ನೂ ಕಾಯಿಸುವ ಇಂಥ ಕಾನೂನು ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ವ್ಯಾಪಾರವೇ ಉಸಿರಾಗಿದ್ದ ಊರು ಇದು. ಬಂದರು ಮುಚ್ಚಿದರೆ ಹೊಟ್ಟೆಗಿಲ್ಲ, ತೆರೆದಿಟ್ಟರೆ ಜೀವಕ್ಕಿಲ್ಲ. ಹಾಗಾಗಿ ಬಾಗಿಲು ಮುಚ್ಚದೆ, ಬಾಗಿಲಲ್ಲಿ ಕಾಯಿಸುವ ಏರ್ಪಾಡು ಮಾಡಿದರು. ಆಮೇಲೆ ಹದಿನೇಳನೇ ಶತಮಾನದಲ್ಲಿ ಅದಕ್ಕಾಗಿಯೇ ಪೂರ್ವದ ಬಾಗಿಲ ಹೊರಗೆ ಕಟ್ಟಡಗಳ ಸಾಲು ಕಟ್ಟಿದರು. ಅವು ಈಗಲೂ ಇವೆ, ಪ್ಲೊಚೆ ಬಾಗಿಲು ದಾಟಿ ಎರಡು ನಿಮಿಷ ನಡೆದರೆ ಸಿಗುತ್ತವೆ. ಕ್ರೂಸ್‌ನವರ ಗುಂಪು ಅಲ್ಲಿಗೆ ಹೋಗುವುದು ಕಡಿಮೆ. ನೀವು ಹೋಗಿ.

ಆರುನೂರು ವರ್ಷ ಬಿಟ್ಟು ನೋಡಿ, ಅದೇ ಊರಿಗೆ ಅದೇ ತಲೆನೋವು, ಈ ಸಲ ಪ್ಲೇಗ್ ಬದಲು ನಾವು. ಕೋಟೆಯ ಒಳಗೆ 1991ರಲ್ಲಿ ಸುಮಾರು 5,000 ಜನ ಇದ್ದರು, ಈಗ ಅದರ ಮೂರನೇ ಒಂದು ಪಾಲೂ ಇಲ್ಲ. ಮನೆಗಳೆಲ್ಲ ಬಾಡಿಗೆ ರೂಮುಗಳಾಗಿವೆ. ಒಂದೇ ಬೆಳಗ್ಗೆ ನಾಲ್ಕೈದು ಹಡಗು ಬಂದು ನಿಂತರೆ ಊರಿನವರ ಹತ್ತು ಪಟ್ಟು ಜನ ಸ್ತ್ರಾದುನ್ ಬೀದಿಗೆ ನುಗ್ಗುತ್ತಿದ್ದರು. ಆ ಬೀದಿ ಇರುವುದೇ 300 ಮೀಟರ್. ಕೊನೆಗೆ ನಗರಾಡಳಿತ ಹಡಗಿನ ಕಂಪನಿಗಳ ಜೊತೆ ಕೂತು, 2019ರಿಂದ ಒಂದು ಹೊತ್ತಿಗೆ ಎರಡೇ ದೊಡ್ಡ ಹಡಗು, ಹೆಚ್ಚೆಂದರೆ 4,000 ಪ್ರಯಾಣಿಕರು ಅಂತ ಮಿತಿ ತಂದಿತು. ಸ್ಪೇನಿನ ಪಾಲ್ಮಾದಲ್ಲಿ 2022ರಿಂದ ದಿನಕ್ಕೆ ಮೂರೇ ಹಡಗು. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ, ಮೇಲೆ 2025ರ ಜುಲೈಯಿಂದ ಸೀಸನ್‌ನಲ್ಲಿ ತಲೆಗೆ 20 ಯೂರೊ ಸುಂಕ. ಇದನ್ನು ಕೇಳಿ ನಿಮ್ಮಲ್ಲಿ ಒಬ್ಬರು, ದುಡ್ಡು ಕೊಟ್ಟು ಬರುವವರಿಗೆ ಇದೆಂಥ ಮರ್ಯಾದೆ ಅಂದಿರಿ. ನನಗೇನೋ ಅವರದ್ದೇ ಸರಿ ಅನ್ನಿಸುತ್ತದೆ. ಹಡಗು ಯಾವಾಗ ಬರಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಊರೇ ಹೇಳುತ್ತಿದ್ದ ಕಾಲದಲ್ಲೇ ಈ ಊರುಗಳು ಇಷ್ಟು ಚೆನ್ನಾಗಿ ಬೆಳೆದದ್ದು. ನಡುವೆ ಮೂವತ್ತು ನಲವತ್ತು ವರ್ಷ ಹಡಗಿನವರು ಹೇಳಿದ ಹಾಗೆ ಊರು ಕುಣಿಯಿತು, ಅಷ್ಟೇ.

ನೋಡುವ ವಿಷಯ. ಪಶ್ಚಿಮದ ಪಿಲೆ ಬಾಗಿಲಿನ ಒಳಗೆ ಕಾಲಿಟ್ಟ ತಕ್ಷಣ ದುಂಡಗಿನ ದೊಡ್ಡ ಕಾರಂಜಿ ಇದೆ, 1438ರದು. ಒನೊಫ್ರಿಯೊ ಅನ್ನುವ ಎಂಜಿನಿಯರ್ ಹನ್ನೆರಡು ಕಿಲೋಮೀಟರ್ ದೂರದಿಂದ ನೀರು ತಂದ. ಸುತ್ತಲೂ ಹದಿನಾರು ಕೆತ್ತಿದ ಮುಖಗಳು, ಅವುಗಳ ಬಾಯಿಂದ ನೀರು. ಈಗಲೂ ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಆಮೇಲೆ ಕೋಟೆ ಗೋಡೆ. ಸುತ್ತಳತೆ 1,940 ಮೀಟರ್, ಟಿಕೆಟ್ 40 ಯೂರೊ ಹತ್ತಿರ ಇದೆ, ಜಾಸ್ತಿಯೇ. ಆದರೆ ಒಮ್ಮೆ ಹತ್ತಿ. ಹತ್ತಿದ ಮೇಲೆ ಹಂಚಿನ ಬಣ್ಣ ನೋಡಿ. ಅಲ್ಲಲ್ಲಿ ಮಾಸಲು ಕಂದು ಹಳದಿ, ಉಳಿದ ಕಡೆ ಕಣ್ಣಿಗೆ ಹೊಡೆಯುವ ಕಿತ್ತಳೆ. ಕಿತ್ತಳೆಯೆಲ್ಲ ಹೊಸ ಹಂಚು. ಯುಗೊಸ್ಲಾವಿಯಾ ಒಡೆಯುವಾಗ ನಡೆದ ಯುದ್ಧದಲ್ಲಿ, 1991–92ರ ಮುತ್ತಿಗೆಯಲ್ಲಿ, ಹಳೆಯ ಊರಿನ 824 ಕಟ್ಟಡಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಶೆಲ್ ಬಿದ್ದಿತ್ತು. 1991ರ ಡಿಸೆಂಬರ್ 6 ಎಲ್ಲಕ್ಕಿಂತ ಕೆಟ್ಟ ದಿನ. ಯಾವ ಮನೆಗೆ ಪೆಟ್ಟು ಬಿತ್ತು ಅಂತ ಮೇಲಿಂದಲೇ ಓದಿಕೊಳ್ಳಬಹುದು. ಗೈಡ್ ಬೇಕಾಗಿಲ್ಲ.

ಹತ್ತು ಗಂಟೆಯಾದ ಮೇಲೆ ಗೋಡೆ ಹತ್ತಬೇಡಿ. ನಮಗೇನು ಬಿಸಿಲು ಹೊಸದಾ, ರಾಯಚೂರು ನೋಡಿದವರು ಅಂತ ಹೇಳುತ್ತೀರಿ. ಅಲ್ಲಿ ನೆಲವೂ ಬಿಳಿ ಸುಣ್ಣಕಲ್ಲು, ಗೋಡೆಯೂ ಬಿಳಿ ಸುಣ್ಣಕಲ್ಲು, ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಎರಡು ಕಿಲೋಮೀಟರ್ ಉದ್ದಕ್ಕೂ ಮರದ ನೆರಳು ಅಂತ ಇಲ್ಲ. ಇನ್ನೊಂದು, ಬೀದಿಯ ಚಪ್ಪಡಿ ಕಲ್ಲು ಶತಮಾನಗಳ ಕಾಲ ತುಳಿದು ತುಳಿದು ಕನ್ನಡಿಯಾಗಿದೆ. ನುಣುಪು ಅಟ್ಟೆಯ ಚಪ್ಪಲಿ ಹಾಕಿದರೆ ಮಳೆ ಇಲ್ಲದಿದ್ದರೂ ಜಾರುತ್ತೀರಿ.

ಕೋಟೊರ್ ವಿಷಯಕ್ಕೆ ಬಂದರೆ, ಅಲ್ಲಿ ಹಡಗಿನ ಪ್ರವಾಸಕ್ಕೆ ಸಾಟಿಯೇ ಇಲ್ಲ. ಊರು ಕಡಲಿನಿಂದ ಸುಮಾರು 28 ಕಿಲೋಮೀಟರ್ ಒಳಗೆ, ಬೆಟ್ಟಗಳ ನಡುವೆ ಇದೆ. ನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಕೊಲ್ಲಿ ಇದು. ಹಡಗು ಬೆಳಗಿನ ಜಾವ ಒಳಗೆ ಬರುತ್ತದೆ, ಒಂದು ಗಂಟೆಗೂ ಜಾಸ್ತಿ ಹೊತ್ತು ನಿಧಾನವಾಗಿ ತಿರುಗಿ ತಿರುಗಿ ಸಾಗುತ್ತದೆ. ನಡುವೆ ವೆರಿಗೆ ಅನ್ನುವ ಕಡೆ ಎರಡೂ ದಡ 340 ಮೀಟರ್ ಹತ್ತಿರಕ್ಕೆ ಬರುತ್ತವೆ. ಹಡಗಿನ ಉದ್ದವೇ 300 ಮೀಟರ್ ಇರುತ್ತದೆ ಅಂತ ನೆನಪಿಡಿ. ಆ ಹೊತ್ತಿಗೆ ಬಫೆ ಹಾಲ್ ತುಂಬಿರುತ್ತದೆ, ಮೇಲಿನ ಡೆಕ್ ಖಾಲಿ ಇರುತ್ತದೆ. ಇಡೀ ಪ್ರವಾಸದ ಒಳ್ಳೆಯ ಗಂಟೆಯನ್ನು ಜನ ಆಮ್ಲೆಟ್ ಸಾಲಿನಲ್ಲಿ ನಿಂತು ಕಳೆಯುತ್ತಾರೆ. ಐದಕ್ಕೆ ಅಲಾರಂ ಇಡಿ, ಮೇಲೆ ಹೋಗಿ, ತಿಂಡಿ ಆಮೇಲೆ.

ದಾರಿಯಲ್ಲಿ ಪೆರಾಸ್ಟ್ ಅನ್ನುವ ಹಳ್ಳಿಯ ಎದುರು ಎರಡು ಪುಟ್ಟ ದ್ವೀಪ ಕಾಣುತ್ತವೆ. ಒಂದು ದೇವರು ಮಾಡಿದ್ದು, ಇನ್ನೊಂದು ಜನ ಮಾಡಿದ್ದು. ಒಂದು ಬಂಡೆಯ ಮೇಲೆ ಮೇರಿಯ ಚಿತ್ರಪಟ ಸಿಕ್ಕಿತು ಅಂತ ನಾವಿಕರು ಆ ಬಂಡೆಯ ಸುತ್ತ ಹಳೆಯ ಹಡಗುಗಳನ್ನು ಕಲ್ಲು ತುಂಬಿ ಮುಳುಗಿಸಿ, ಪ್ರಯಾಣದಿಂದ ಕ್ಷೇಮವಾಗಿ ಬಂದಾಗೆಲ್ಲ ಒಂದೊಂದು ಕಲ್ಲು ಹಾಕಿ ದ್ವೀಪ ಎಬ್ಬಿಸಿದರು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳನ್ನು ಸಾಲಾಗಿ ಕಟ್ಟಿಕೊಂಡು ಹೋಗಿ ಕಲ್ಲು ಸುರಿಯುತ್ತಾರೆ. ಅಲ್ಲಿನ ಚರ್ಚಿನ ಒಳಗೆ ಒಂದು ಕಸೂತಿ ಇದೆ. ಕಡಲಿಗೆ ಹೋದವನನ್ನು ಕಾಯುತ್ತ ಒಬ್ಬಳು 25 ವರ್ಷ ಹೊಲಿದದ್ದು, ದಾರದ ಜೊತೆ ತನ್ನ ಕೂದಲನ್ನೂ ಸೇರಿಸಿದಳು ಅಂತ ಹೇಳುತ್ತಾರೆ. ದೇವತೆಗಳ ತಲೆಗೂದಲು ಒಂದು ಕಡೆ ಹೊಂಬಣ್ಣ, ಇನ್ನೊಂದು ಕಡೆ ಬೆಳ್ಳಗೆ.

ಕೋಟೊರ್‌ನಲ್ಲಿ ಹಡಗಿನಿಂದ ಇಳಿದು ರಸ್ತೆ ದಾಟಿದರೆ ಊರ ಬಾಗಿಲು. ವೆನಿಸ್‌ನವರು 1420ರಿಂದ 1797ರವರೆಗೆ ಆಳಿದ ಊರು. ಬೆನ್ನಿಗೆ ನೇರ ಬೆಟ್ಟ, ಅದರ ಮೇಲೂ ಕೋಟೆ. ಗೋಡೆಗಳ ಒಟ್ಟು ಉದ್ದ ನಾಲ್ಕೂವರೆ ಕಿಲೋಮೀಟರ್. ತುದಿಗೆ ಸುಮಾರು 1,350 ಮೆಟ್ಟಿಲು. ಮಂಡಿನೋವಿನವರು ಅರ್ಧಕ್ಕೆ ಸಿಗುವ ಚಿಕ್ಕ ಚರ್ಚಿನ ತನಕ ಹತ್ತಿದರೆ ಸಾಕು, ನೋಟ ಅಲ್ಲೇ ಸಿಗುತ್ತದೆ. ಪೂರ್ತಿ ಹತ್ತುವುದು ಸುಮ್ನೆ ಹಟಕ್ಕೆ.

ವಲೆಟ್ಟಾ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. 1565ರಲ್ಲಿ ತುರ್ಕರ ಮುತ್ತಿಗೆಯನ್ನು ತಡೆದ ಮೇಲೆ, 1566ರಲ್ಲಿ ಖಾಲಿ ಗುಡ್ಡದ ಮೇಲೆ ನಕ್ಷೆ ಹಾಕಿ ಕಟ್ಟಿದ ಊರು. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ, ಯಾವ ಬೀದಿಯ ತುದಿಗೆ ನೋಡಿದರೂ ಕಡಲು. ಹಡಗು ಎರಡು ಕೋಟೆಗಳ ನಡುವೆ ಒಳಗೆ ಬರುತ್ತದೆ, ಧಕ್ಕೆಯ ಹತ್ತಿರದಿಂದಲೇ ಲಿಫ್ಟ್ ಇದೆ, 58 ಮೀಟರ್ ಮೇಲಕ್ಕೆ ಒಯ್ದು ಊರಿನ ತೋಟದಲ್ಲಿ ಬಿಡುತ್ತದೆ. ಅಲ್ಲಿನ ಸೇಂಟ್ ಜಾನ್ ಕೋ-ಕ್ಯಾಥೆಡ್ರಲ್‌ನಲ್ಲಿ ಕಾರವಾಜ್ಜೊ 1608ರಲ್ಲಿ ಬರೆದ ಚಿತ್ರ ಇದೆ, ಸಂತ ಜಾನ್‌ನ ತಲೆ ಕಡಿಯುವುದು. ಕಡಿದ ಕುತ್ತಿಗೆಯಿಂದ ನೆಲಕ್ಕೆ ಹರಿದ ರಕ್ತದಲ್ಲೇ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಈ ಒಂದಕ್ಕೆ ಅರ್ಧ ಗಂಟೆ ಕೊಡಿ.

ಎಫಿಸಸ್ ಕೇಳಿದಿರಿ. ಅದು ತುರ್ಕಿಯಲ್ಲಿರುವ ಪಾಳುಬಿದ್ದ ಪುರಾತನ ನಗರ, ಕುಶಾದಾಸಿ ಬಂದರಿನಿಂದ ಅರ್ಧ ಗಂಟೆ ಬಸ್ಸು. ಬಂದರು ಸತ್ತರೆ ಊರು ಏನಾಗುತ್ತದೆ ಅಂತ ನೋಡಬೇಕಾದರೆ ಅಲ್ಲಿಗೆ ಹೋಗಬೇಕು. 25,000 ಜನ ಕೂರುವ ರಂಗಮಂದಿರ, ಅದರ ಮುಂದಿನಿಂದ ಅಮೃತಶಿಲೆಯ ದೊಡ್ಡ ಬೀದಿ ನೇರವಾಗಿ ಬಂದರಿಗೆ ಹೋಗುತ್ತದೆ. ಬೀದಿ ಮುಗಿಯುವ ಕಡೆ ಬಂದರು ಇಲ್ಲ, ಜೊಂಡು ಬೆಳೆದ ಕೆಸರು ಇದೆ. ನದಿ ಹೂಳು ತಂದು ತಂದು ತುಂಬಿ, ಕಡಲು ಈಗ ಐದಾರು ಕಿಲೋಮೀಟರ್ ಆಚೆ ಹೋಗಿದೆ.

ಒಂದು ಅಡ್ಡ ಮಾತು ಹೇಳಿ ವ್ಯವಹಾರಕ್ಕೆ ಬರುತ್ತೇನೆ. ಈ ಕಡಲಿನಿಂದ ನಮ್ಮ ಕಡೆಗೂ ಜನ ಬಂದಿದ್ದಾರೆ. ವೆನಿಸ್ ಪಕ್ಕದ ಕಿಯೋಜಾ ಊರಿನ ನಿಕೊಲೊ ಕೊಂಟಿ ಹದಿನೈದನೇ ಶತಮಾನದ ಮೊದಲ ಭಾಗದಲ್ಲೇ ವಿಜಯನಗರ ನೋಡಿದ್ದ, ವಾಪಸು ಹೋದ ಮೇಲೆ ಅವನು ಹೇಳಿದ್ದನ್ನು ಪೋಪ್‌ನ ಕಾರ್ಯದರ್ಶಿ ಬರೆದುಕೊಂಡ. ಪಿಯೆತ್ರೊ ದೆಲ್ಲಾ ವಾಲೆ 1614ರಲ್ಲಿ ವೆನಿಸ್‌ನಲ್ಲೇ ಹಡಗು ಹತ್ತಿ, ಊರೂರು ಸುತ್ತಿ, 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ದರ್ಬಾರು ಕಂಡ. ಅವರು ಬಂದು ನೋಡಿ ಹೋದದ್ದಕ್ಕೆ ನಾವೂ ಒಮ್ಮೆ ಹೋಗಿ ನೋಡಿದರೆ ಲೆಕ್ಕ ಚುಕ್ತಾ, ಅಲ್ವಾ?

ವೀಸಾ. ಇಟಲಿ, ಗ್ರೀಸ್, ಮಾಲ್ಟಾ, 2023ರಿಂದ ಕ್ರೊಯೇಷಿಯಾ, ಎಲ್ಲ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ. ಮಾಂಟೆನೆಗ್ರೊ, ತುರ್ಕಿ ಹೊರಗೆ. ಮಾಂಟೆನೆಗ್ರೊದಲ್ಲಿ ಯೂರೊ ಓಡುತ್ತದೆ ಅಂತ ಒಳಗಿದೆ ಅಂದುಕೊಳ್ಳಬೇಡಿ. ಅಂದರೆ ನಿಮ್ಮ ಹಡಗು ಕೋಟೊರ್‌ಗೆ ಹೋಗಿ ಮತ್ತೆ ಇಟಲಿಗೆ ಬಂದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಒಳಗೆ ಬಂದ ಲೆಕ್ಕ. ಸಿಂಗಲ್ ಎಂಟ್ರಿ ವೀಸಾ ಇದ್ದರೆ ಅಲ್ಲಿಗೆ ಮುಗಿಯಿತು. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ, ಹಡಗಿನ ದಾರಿಯ ಪಟ್ಟಿಯನ್ನೂ ಜೊತೆಗೆ ಇಡಿ.

ಫೋನ್. ಹಡಗು ದಡ ಬಿಟ್ಟ ಮೇಲೆ ಫೋನ್ ತಾನಾಗಿಯೇ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ. ನಿಮ್ಮ ಯುರೋಪ್ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ, ಬಿಲ್ ನೋಡಿದರೆ ತಲೆ ತಿರುಗುತ್ತದೆ. ಹೊರಡುವ ಸೈರನ್ ಕೇಳಿದ ತಕ್ಷಣ ಏರೋಪ್ಲೇನ್ ಮೋಡ್.

ಹಡಗಿನವರ ಟೂರ್ ತೆಗೆದುಕೊಳ್ಳಬೇಕಾ, ನಾವೇ ಹೋಗಬಹುದಾ ಅಂತ ಎಲ್ಲರೂ ಕೇಳುತ್ತೀರಿ. ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ನೀವು ತಡವಾದರೆ ಕಾಯುವುದಿಲ್ಲ. ಎಫಿಸಸ್‌ನಂಥ ದೂರದ ಜಾಗಕ್ಕೆ ಅವರದ್ದೇ ತಗೊಳ್ಳಿ. ಸ್ಪ್ಲಿಟ್, ಕೋಟೊರ್, ವಲೆಟ್ಟಾಗೆ ಯಾರೂ ಬೇಡ, ಇಳಿದು ನಡೆಯಿರಿ. ಊಟಕ್ಕೆ ಸಸ್ಯಾಹಾರಿ, ಜೈನ್ ಊಟ ಬೇಕಾದವರು ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ಮೇಲೆ ಕೇಳಿದರೆ ಬ್ರೆಡ್ಡು, ಆಲೂಗಡ್ಡೆ.

ಕೊನೆಗೆ ಬಂದ ಪ್ರಶ್ನೆ, ಯಾವ ತಿಂಗಳು. ಅಲ್ಲಿನ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಯುರೋಪಿನ ಶಾಲೆಗಳಿಗೂ ಆಗಲೇ ರಜ, ರೇಟೂ ಆಗಲೇ ಜಾಸ್ತಿ, ಜನವೂ ಜಾಸ್ತಿ. 2023ರ ಜುಲೈನಲ್ಲಿ ಬಿಸಿಲು ತಡೆಯಲಾರದೆ ಅಥೆನ್ಸ್‌ನ ಅಕ್ರೊಪೊಲಿಸ್ ಅನ್ನು ಕೆಲವು ದಿನ ಮಧ್ಯಾಹ್ನ ಮುಚ್ಚಿದ್ದರು. ನಮ್ಮ ಬೇಸಿಗೆ ರಜ ಏಪ್ರಿಲ್, ಮೇ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಅಲ್ಲಿ ಆಗ ಇಪ್ಪತ್ತೆರಡು ಇಪ್ಪತ್ನಾಲ್ಕು ಡಿಗ್ರಿ, ಬೆಟ್ಟದ ಮೇಲೆ ಹೂವು, ಬೀದಿಯಲ್ಲಿ ನಡೆಯಲು ಜಾಗ. ಕಡಲ ನೀರು ಮಾತ್ರ ಈಜಲು ತಣ್ಣಗೆ. ಈಜಲೇಬೇಕು ಅನ್ನುವವರು ಸೆಪ್ಟೆಂಬರ್‌ಗೆ ಹೋಗಿ, ಉಳಿದವರು ಮೇ ಮೊದಲ ಎರಡು ವಾರ ನೋಡಿ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಮೇಗೆ ಹೋಗುವವರು ಸಂಕ್ರಾಂತಿ ಮುಗಿದ ಕೂಡಲೇ ಅಪಾಯಿಂಟ್‌ಮೆಂಟ್ ಹಿಡಿದುಬಿಡಿ, ಏಪ್ರಿಲ್‌ನಲ್ಲಿ ಹುಡುಕಿದರೆ ಬೆಂಗಳೂರಿನಲ್ಲಿ ಸ್ಲಾಟ್ ಸಿಗುವುದಿಲ್ಲ.